ತೋಟದ ಕೆಲಸಕ್ಕೆ ಲೈಸೆನ್ಸ್ ಎಲ್ಲಿ ಸಿಗುತ್ತದೆ?



ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣ ಮುಗಿದು, ಸ್ಟುಡಿಯೋದ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದ ಹೊತ್ತು. ಸಭಿಕರ ಸಾಲಿನಲ್ಲಿ ಕುಳಿತಿದ್ದ ಪದವಿ ವಿದ್ಯಾರ್ಥಿಯೊಬ್ಬ ನನ್ನ ಬಳಿ ಬಂದ. ಶಿವಮೊಗ್ಗದ ಹುಡುಗ, ಗಾಂಧಿ ಬಜಾರಿನ ಹತ್ತಿರವೇ ಅವನ ಮನೆ. ಎಲ್ಲರೆದುರು ಕೇಳಲು ಸಂಕೋಚಪಟ್ಟಿದ್ದ ಪ್ರಶ್ನೆಯನ್ನು ಆಗ ಕೇಳಿದ.

"ಸಾರ್, ನಮ್ಮಣ್ಣ ಗಾರ್ಡನ್ ಕೆಲಸ ಗುತ್ತಿಗೆ ಹಿಡಿದು ಮಾಡಿಸ್ತಾನೆ. ಹುಲ್ಲು ಹಾಸೋದು, ಗಿಡ ನೆಡೋದು, ಮರ ಸವರೋದು, ಎಲ್ಲಾ. ಮೊನ್ನೆ ಒಂದು ದೊಡ್ಡ ಕೆಲಸ ಕೈತಪ್ಪಿ ಹೋಯ್ತು. 'ಲೈಸೆನ್ಸ್ ಇದೆಯೇನಪ್ಪಾ?' ಅಂತ ಕೇಳಿದರಂತೆ. ಆ ಲೈಸೆನ್ಸ್ ಎಲ್ಲಿ ಕೊಡ್ತಾರೆ ಸಾರ್?"

"ಪಾಲಿಕೆಯಲ್ಲಿ ವಿಚಾರಿಸಪ್ಪಾ" ಎಂದು ಹೇಳಿ ಕಳುಹಿಸಿಬಿಟ್ಟೆ. ಬಸ್ಸಿನ ಹೊತ್ತಾಗಿದ್ದರಿಂದ ಅವನೂ ಹೊರಟ. ಆದರೆ ನಾನು ಕೊಟ್ಟದ್ದು ಅರೆಬರೆ ಉತ್ತರವೆಂದು ಆಮೇಲೆ ಕಾಯ್ದೆಗಳನ್ನು ತೆರೆದು ನೋಡಿದಾಗ ತಿಳಿಯಿತು. ಆ ಹುಡುಗನಿಗೂ, ನಾಳೆ ಇಂಥದೇ ಉದ್ಯೋಗಕ್ಕೆ ಇಳಿಯಬಹುದಾದ ನಿಮಗೂ ಪೂರ್ತಿ ಉತ್ತರ ಕೊಡುವುದು ಈ ಬರಹದ ಉದ್ದೇಶ.

ಇಲ್ಲದ ಲೈಸೆನ್ಸ್

ಮೊದಲು ನೇರವಾದ ಉತ್ತರ. "ಉದ್ಯಾನ ಗುತ್ತಿಗೆದಾರ" ಎಂಬ ಹೆಸರಿನ ಲೈಸೆನ್ಸ್ ನಮ್ಮ ರಾಜ್ಯದಲ್ಲಿಲ್ಲ. ವಕೀಲರು ವಕೀಲರ ಪರಿಷತ್ತಿನಲ್ಲಿ, ವೈದ್ಯರು ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳುವಂತೆ ತೋಟ ಮಾಡುವವರು ಹೆಸರು ಬರೆಸಬೇಕಾದ ಪರಿಷತ್ತು ಯಾವುದೂ ಇಲ್ಲ.

ಎಲ್ಲ ದೇಶಗಳಲ್ಲೂ ಹೀಗೆಯೇ ಎಂದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಉದ್ಯಾನ ಗುತ್ತಿಗೆದಾರರಿಗೆಂದೇ 'ಸಿ-27' ಎಂಬ ಪ್ರತ್ಯೇಕ ಲೈಸೆನ್ಸ್ ಇದೆ. ಅದನ್ನು ಪಡೆಯಲು ನಾಲ್ಕು ವರ್ಷಗಳ ಅನುಭವ ತೋರಿಸಬೇಕು, ಪರೀಕ್ಷೆಯನ್ನೂ ಬರೆಯಬೇಕು. ನಮ್ಮಲ್ಲಿ ಪರಿಸ್ಥಿತಿ ಇದಕ್ಕೆ ತೀರ ವಿರುದ್ಧ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ, ನೋಂದಣಿ ಇಲ್ಲದವರು 'ಆರ್ಕಿಟೆಕ್ಟ್' ಎಂದು ಹೆಸರಿನ ಮುಂದೆ ಹಾಕಿಕೊಳ್ಳುವಂತಿಲ್ಲ. ಅದೇ ಕಾಯ್ದೆಯ 37ನೆಯ ಕಲಮು ಇಬ್ಬರಿಗೆ ವಿನಾಯಿತಿ ಕೊಟ್ಟಿದೆ. ಒಬ್ಬರು ಹಡಗುಗಳ ವಿನ್ಯಾಸ ಮಾಡುವ 'ನೇವಲ್ ಆರ್ಕಿಟೆಕ್ಟ್', ಇನ್ನೊಬ್ಬರು ಗಿಡಮರಗಳ ಬಯಲು ಜಾಗಗಳನ್ನು ರೂಪಿಸುವ 'ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್'. ಉದ್ಯಾನದ ನಕ್ಷೆ ಬರೆಯುವವರಿಗೇ ಕಡ್ಡಾಯ ನೋಂದಣಿ ಇಲ್ಲದಿರುವಾಗ ಗುಂಡಿ ತೋಡಿ ಗಿಡ ನೆಡುವವರಿಗೆ ಎಲ್ಲಿಂದ ಬರಬೇಕು?

ಹಾಗಾದರೆ ಈ ಉದ್ಯೋಗಕ್ಕೆ ಕಾನೂನಿನ ಕಟ್ಟುಪಾಡೇ ಇಲ್ಲವೆ? ಖಂಡಿತ ಇದೆ. ಕಾನೂನು "ನೀನು ಯಾರು?" ಎಂದು ಕೇಳುವುದಿಲ್ಲ, "ನೀನು ಏನನ್ನು ಮುಟ್ಟುತ್ತಿದ್ದೀಯೆ?" ಎಂದು ಕೇಳುತ್ತದೆ. ಮರವನ್ನು ಮುಟ್ಟಿದರೆ ಒಂದು ಕಾಯ್ದೆ, ವಿಷವನ್ನು ಮುಟ್ಟಿದರೆ ಮತ್ತೊಂದು. ಮಣ್ಣು, ವಿದ್ಯುತ್ತು, ಸಾರ್ವಜನಿಕರ ಹಣ, ಇನ್ನೊಬ್ಬರ ದುಡಿಮೆ, ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಕಚೇರಿ, ಒಂದೊಂದು ಕಾಗದ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಈಗ ನೀವೇ ಆ ಗುತ್ತಿಗೆದಾರರು ಎಂದಿಟ್ಟುಕೊಳ್ಳಿ. ಶಿವಮೊಗ್ಗದ ಹೊಸ ಬಡಾವಣೆಯೊಂದರಲ್ಲಿ ಮನೆಯ ಸುತ್ತ ಕೈತೋಟ ಮಾಡಿಕೊಡುವ ಕೆಲಸ ಸಿಕ್ಕಿದೆ. ಬೆಳಿಗ್ಗೆ ಗಾಂಧಿ ಬಜಾರಿಗೆ ಹೋಗಿ ಸಾಮಾನು ಕೊಳ್ಳುತ್ತೀರಿ. ಗುದ್ದಲಿ, ಹಾರೆ, ಪಿಕಾಸಿ, ಬಾಂಡ್ಲಿ, ಹಗ್ಗ, ಸವರುವ ಕತ್ತರಿ. ಅಂಗಡಿಯವರು ಹಣ ಎಣಿಸಿಕೊಳ್ಳುತ್ತಾರೆಯೇ ಹೊರತು ಯಾವ ಕಾಗದವನ್ನೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಹುಲ್ಲು ಹಾಸುವುದಕ್ಕೆ, ದಾಸವಾಳದ ಬೇಲಿ ಕಟ್ಟುವುದಕ್ಕೆ, ಪಾತಿ ಮಾಡಿ ಗೊಬ್ಬರ ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕೆಲಸದ ಜಾಗಕ್ಕೆ ಬಂದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ.

ಮರ

ಮನೆಯ ಯಜಮಾನರು ಮೂಲೆಯಲ್ಲಿರುವ ಮರವೊಂದನ್ನು ತೋರಿಸಿ, "ಎಲೆ ಉದುರಿ ರಗಳೆ. ಇದನ್ನು ತೆಗೆದುಬಿಡಿ" ಎನ್ನುತ್ತಾರೆ. ಜಾಗ ಅವರದು, ಮರವೂ ಅವರದೇ. ಕೊಡಲಿ ಎತ್ತಬಹುದೆ?

ಎತ್ತುವಂತಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ನಗರ ಪ್ರದೇಶದಲ್ಲಿ ಸ್ವಂತ ಜಾಗದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ವೃಕ್ಷಾಧಿಕಾರಿ ಎಂದರೆ ಈ ಕಾಯ್ದೆಗಾಗಿ ನೇಮಕವಾದ ಅರಣ್ಯ ಇಲಾಖೆಯ ಅಧಿಕಾರಿ. ಅರ್ಜಿ ಕೊಟ್ಟ ಮೇಲೆ ಅವರು ಮರವನ್ನು ಪರಿಶೀಲಿಸುತ್ತಾರೆ. ಮರ ಒಣಗಿದೆಯೆ, ರೋಗ ಹಿಡಿದಿದೆಯೆ, ಗಾಳಿಗೆ ಬಿದ್ದಿದೆಯೆ, ಜನರ ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವಂತಿದೆಯೆ, ಸಂಚಾರಕ್ಕೆ ಅಡ್ಡಿಯಾಗಿದೆಯೆ ಎಂದು ನೋಡುತ್ತಾರೆ. ಎಲೆ ಉದುರುವುದು ಈ ಕಾರಣಗಳ ಪಟ್ಟಿಯಲ್ಲಿಲ್ಲ. ಅನುಮತಿ ಸಿಕ್ಕರೂ ಅದರ ಬದಲಿಗೆ ಬೇರೆ ಸಸಿ ನೆಡಬೇಕೆಂಬ ಷರತ್ತು ಇರುತ್ತದೆ. ಕಾಯ್ದೆ ತಡೆಯುವುದು ಬುಡಕ್ಕೆ ಕೊಡಲಿ ಹಾಕುವುದನ್ನು ಮಾತ್ರವಲ್ಲ. ಸುಟ್ಟು ಹಾಕುವುದು, ಮರ ಸಾಯುವಂತೆ ಹಾನಿ ಮಾಡುವುದೂ ಅದರ ವ್ಯಾಪ್ತಿಗೆ ಬರುತ್ತವೆ.

ಕೆಲವು ಜಾತಿಯ ಮರಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ತೆಂಗು, ಗಾಳಿಮರ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್ ಮೊದಲಾದವು ಈ ಗುಂಪಿನವು. ಜನ ಬೆಳೆಯಾಗಿ ಬೆಳೆದು ಕಡಿಯುವ ಮರಗಳಿವು ಎಂಬುದನ್ನು ಗಮನಿಸಿ. ಹಾಗಾಗಿ ಕೊಡಲಿಗಿಂತ ಮೊದಲು ಗುತ್ತಿಗೆದಾರನಿಗೆ ಬೇಕಾದದ್ದು ಮರದ ಗುರುತು. ನಿಮ್ಮ ಸಸ್ಯಶಾಸ್ತ್ರದ ಪಾಠ ಇಲ್ಲಿ ಅನ್ನ ಕೊಡುವ ವಿದ್ಯೆಯಾಗುತ್ತದೆ.

ಮಲೆನಾಡಿನಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಕಾಂಪೌಂಡಿನ ಅಂಚಿನಲ್ಲಿ ಹಕ್ಕಿ ಹಿಕ್ಕೆಯಿಂದ ತಾನಾಗಿಯೇ ಹುಟ್ಟಿದ ಶ್ರೀಗಂಧದ ಗಿಡವಿರಬಹುದು. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಘೋಷಿಸಿದ. ಅಂದಿನಿಂದ ಎರಡು ಶತಮಾನಗಳ ಕಾಲ, ಮರ ಯಾರ ಜಮೀನಿನಲ್ಲಿದ್ದರೂ ಅದು ಸರ್ಕಾರದ ಸೊತ್ತಾಗಿತ್ತು. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ತಂದ ತಿದ್ದುಪಡಿ ಜಮೀನಿನ ಒಡೆಯರಿಗೆ ಮರದ ಒಡೆತನವನ್ನು ಕೊಟ್ಟಿತು. ಆದರೂ ಅರಣ್ಯ ಇಲಾಖೆಗೆ ತಿಳಿಸದೆ ಅದನ್ನು ಕಡಿಯುವಂತಿಲ್ಲ, ಕಂಡವರಿಗೆ ಮಾರುವಂತಿಲ್ಲ. ಬೀಟೆ, ಸಾಗುವಾನಿಯಂಥ ಮರಗಳ ವಿಷಯದಲ್ಲಿ ಕಡಿಯಲು ಅನುಮತಿ ಪಡೆದರೆ ಸಾಲದು. ದಿಮ್ಮಿಯನ್ನು ಲಾರಿಗೆ ಹೇರುವ ಮುನ್ನ ಸಾಗಣೆಯ ಪಾಸ್ ಕೂಡ ಕೈಯಲ್ಲಿರಬೇಕು.

ಇಷ್ಟೊಂದು ಕಟ್ಟುನಿಟ್ಟು ಏಕೆ? ಹುಲ್ಲು ತಪ್ಪಾಗಿ ಹಾಸಿದರೆ ಮರುವರ್ಷ ಕಿತ್ತು ಹೊಸದಾಗಿ ಹಾಸಬಹುದು. ಐವತ್ತು ವರ್ಷದ ಮರವನ್ನು ಮರುವರ್ಷ ಮತ್ತೆ ನಿಲ್ಲಿಸಲಾಗದು. ತಿದ್ದಲಾಗದ ತಪ್ಪು ಎಲ್ಲಿದೆಯೋ ಅಲ್ಲಿ ಕಾನೂನು ಮೊದಲೇ ಬಂದು ನಿಲ್ಲುತ್ತದೆ.

ವಿಷ

ಈಗ ಗಾಂಧಿ ಬಜಾರಿನಿಂದ ಕೀಟನಾಶಕ ಮಾರುವ ಅಂಗಡಿಯೊಂದಕ್ಕೆ ಹೋಗೋಣ. ಗುದ್ದಲಿ ಮಾರುವ ಅಂಗಡಿಗೂ ಇದಕ್ಕೂ ಒಂದು ವ್ಯತ್ಯಾಸ ನಿಮಗೆ ಕಾಣಿಸಬೇಕು. ಮಾರಾಟದ ಪರವಾನಗಿಯನ್ನು ಎಲ್ಲರಿಗೂ ಕಾಣುವಂತೆ ಇಲ್ಲಿ ತೂಗುಹಾಕಿರಬೇಕು. ಏಕೆಂದರೆ ಇದು ಕೀಟನಾಶಕ ಕಾಯ್ದೆ, 1968ರ ವ್ಯಾಪ್ತಿಗೆ ಬರುವ ಅಂಗಡಿ.

ಈ ಕಾಯ್ದೆಯ ಹಿಂದೆ ಒಂದು ದುರಂತವಿದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿಹಿಟ್ಟಿನ ತಿನಿಸು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಆಹಾರಧಾನ್ಯವನ್ನೂ ವಿಷವನ್ನೂ ಒಟ್ಟಿಗೆ ಸಾಗಿಸಿದ್ದರಿಂದ ಆದ ಅನಾಹುತ ಅದು. ಅದರ ವಿಚಾರಣೆಯ ನಂತರ ವಿಷದ ತಯಾರಿಕೆ, ಮಾರಾಟ, ಸಾಗಣೆ ಹಾಗೂ ಬಳಕೆಗೆ ಒಂದು ರಾಷ್ಟ್ರೀಯ ಕಾನೂನು ಬೇಕೆಂಬ ಒತ್ತಾಯ ಬಲವಾಯಿತು. ಆ ಕಾನೂನು 1968ರಲ್ಲಿ ಬಂತು.

ಅಂಗಡಿಯವರಿಗೆ ಪರವಾನಗಿ ಬೇಕೆಂಬುದು ಬಹಳ ಜನಕ್ಕೆ ಗೊತ್ತು. ಸಿಂಪಡಿಸುವವರ ಮಾತೇನು? ಇಲ್ಲಿಯೇ ಗುತ್ತಿಗೆದಾರರು ಎಡವುವುದು. 1971ರ ಕೀಟನಾಶಕ ನಿಯಮಗಳ ಪ್ರಕಾರ, ಹಣ ಪಡೆದು ಇನ್ನೊಬ್ಬರ ಮನೆ, ಆವರಣ ಅಥವಾ ಜಮೀನಿನಲ್ಲಿ ಕೀಟನಾಶಕ ಹಾಕುವುದು 'ವಾಣಿಜ್ಯ ಕೀಟ ನಿಯಂತ್ರಣ ಕಾರ್ಯ'. ಅದಕ್ಕೆ ಪರವಾನಗಿ ಬೇಕು. ನಿಮ್ಮ ಹಿತ್ತಲಿನ ಗುಲಾಬಿಗೆ ನೀವೇ ಸಿಂಪಡಿಸಿಕೊಂಡರೆ ಅದು ಸ್ವಂತ ಬಳಕೆ. ಅದೇ ಔಷಧವನ್ನು ಕೂಲಿಗೆ ನೆರೆಮನೆಯಲ್ಲಿ ಸಿಂಪಡಿಸಿದರೆ ಅದು ವೃತ್ತಿ.

ಈ ಪರವಾನಗಿಗೆ ವಿದ್ಯಾರ್ಹತೆಯನ್ನೂ ನಿಗದಿಪಡಿಸಲಾಗಿದೆ. ಕೃಷಿ ಪದವೀಧರರೋ, ರಸಾಯನಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ ವಿಜ್ಞಾನ ಪದವೀಧರರೋ ಇರಬೇಕು. ಜೊತೆಗೆ ಗೊತ್ತುಪಡಿಸಿದ ಸಂಸ್ಥೆಯೊಂದರಲ್ಲಿ ಕನಿಷ್ಠ 15 ದಿನಗಳ ತರಬೇತಿ ಪಡೆದಿರಬೇಕು. ಅಂಥ ಸಂಸ್ಥೆಗಳಲ್ಲಿ ಒಂದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. ಬಿ.ಎಸ್ಸಿ. ಮುಗಿಸಿ ಮುಂದೇನೆಂದು ಯೋಚಿಸುತ್ತಿರುವವರಿಗೆ ಇಲ್ಲೊಂದು ಸ್ವಂತ ಉದ್ಯೋಗದ ದಾರಿಯೂ ಇದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬಾಡಿಗೆ ಮನೆಯ ಹೂಗಿಡಗಳಿಗೆ ಹುಳು ಹತ್ತಿತ್ತು. ಕೂಲಿಗೆ ಬಂದಿದ್ದ ಒಬ್ಬ ಹಿರಿಯರ ಕೈಗೆ ಔಷಧದ ಬಾಟಲಿಯನ್ನೂ ಸಿಂಪಡಿಸುವ ಡಬ್ಬಿಯನ್ನೂ ಕೊಟ್ಟು ನಾನು ಕೆಲಸಕ್ಕೆ ಹೊರಟುಹೋದೆ. ಕೈಗವಸು ಕೊಡಲಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದೂ ಹೇಳಲಿಲ್ಲ. ಮಧ್ಯಾಹ್ನ ಮನೆಯಿಂದ ಫೋನ್ ಬಂತು. ಅವರಿಗೆ ತಲೆಸುತ್ತು, ಎಡೆಬಿಡದ ವಾಂತಿ, ಬಾಯಲ್ಲಿ ಜೊಲ್ಲು. ಅಕ್ಕಪಕ್ಕದವರು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಎರಡು ದಿನಗಳ ನಂತರ ಅವರು ಚೇತರಿಸಿಕೊಂಡು ಮನೆಗೆ ಹೋದರು. ಆ ರಾತ್ರಿ ಬಾಟಲಿಯನ್ನು ಕೈಗೆತ್ತಿಕೊಂಡು ನೋಡಿದೆ. ಅದರ ಮೇಲೆ ಹಳದಿ ತ್ರಿಕೋನವಿತ್ತು. ರಸಾಯನಶಾಸ್ತ್ರ ಓದಿ ಪದವಿ ಪಡೆದ ನಾನು ಅದನ್ನು ನೋಡದೆಯೇ ಅವರ ಕೈಗೆ ಕೊಟ್ಟಿದ್ದೆ.

ಆ ತ್ರಿಕೋನದ ಅರ್ಥ ನಿಮಗೆ ತಿಳಿದಿರಲಿ. ಕೀಟನಾಶಕದ ಪ್ರತಿ ಪೊಟ್ಟಣದ ಮೇಲೂ ವಜ್ರಾಕೃತಿಯ ಗುರುತೊಂದಿರುತ್ತದೆ. ಅದರ ಕೆಳಗಿನ ಅರ್ಧ, ಅಂದರೆ ತ್ರಿಕೋನದ ಭಾಗ, ನಾಲ್ಕು ಬಣ್ಣಗಳಲ್ಲಿ ಯಾವುದಾದರೂ ಒಂದರಲ್ಲಿರುತ್ತದೆ. ಕೆಂಪು ಅತಿ ಹೆಚ್ಚು ವಿಷ, ಹಳದಿ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಅಲ್ಪ. ಈ ವಿಂಗಡಣೆಗೆ ಆಧಾರ 'ಎಲ್‌ಡಿ 50' ಎಂಬ ಅಳತೆ. ಪ್ರಯೋಗಕ್ಕೆ ಒಳಪಡಿಸಿದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ಅವುಗಳ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಎಷ್ಟು ಮಿಲಿಗ್ರಾಂ ವಿಷ ಬೇಕೋ ಅದೇ ಈ ಸಂಖ್ಯೆ. ಬಾಯಿಯ ಮೂಲಕ ಕೊಟ್ಟಾಗ ಅದು 1ರಿಂದ 50 ಇದ್ದರೆ ಕೆಂಪು, 51ರಿಂದ 500 ಹಳದಿ, 501ರಿಂದ 5,000 ನೀಲಿ, ಅದಕ್ಕೂ ಮೇಲೆ ಹಸಿರು. ಸಂಖ್ಯೆ ಚಿಕ್ಕದಾದಷ್ಟೂ ವಿಷ ದೊಡ್ಡದು ಎಂಬುದನ್ನು ನೆನಪಿಡಿ. ಹಸಿರು ತ್ರಿಕೋನವೆಂದರೆ 'ನಿರಪಾಯ' ಎಂದೇನೂ ಅಲ್ಲ.

ಪರವಾನಗಿಗಾಗಿ 15 ದಿನ ತರಬೇತಿ ಪಡೆದವರು ಆ ತ್ರಿಕೋನವನ್ನು ನೋಡದೆ ಬಾಟಲಿ ತೆರೆಯುವುದಿಲ್ಲ. ಆ ಕಾಗದ ನಮ್ಮ ಮನೆಗೆಲಸದ ದಿನ ಯಾರ ಬಳಿಯಾದರೂ ಇದ್ದಿದ್ದರೆ ಆ ಹಿರಿಯರು ಆಸ್ಪತ್ರೆ ಸೇರುತ್ತಿರಲಿಲ್ಲ. ಪರವಾನಗಿ ಎಂದರೆ ಬರೀ ಸೀಲು, ಶುಲ್ಕ ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಅವರ ಮುಖ.

ಮಣ್ಣು, ನೀರು, ವಿದ್ಯುತ್ತು

ಕೈತೋಟಕ್ಕೆ ನಾಲ್ಕು ಲೋಡ್ ಕೆಂಪು ಮಣ್ಣು, ಕಾಲುದಾರಿಗೆ ಮರಳು ಮತ್ತು ಜಲ್ಲಿ ಬೇಕು. ಮರಳು, ಜಲ್ಲಿಗಳು ಕಾನೂನಿನ ಭಾಷೆಯಲ್ಲಿ 'ಉಪಖನಿಜ'ಗಳು. ಕಟ್ಟಡ, ರಸ್ತೆಗಳ ಕೆಲಸದಲ್ಲಿ ಹಳ್ಳ ತುಂಬಲು, ನೆಲ ಮಟ್ಟ ಮಾಡಲು ಬಳಸುವ ಸಾಮಾನ್ಯ ಮಣ್ಣನ್ನೂ ಕೇಂದ್ರ ಸರ್ಕಾರ 2000ದಲ್ಲಿ ಈ ಪಟ್ಟಿಗೆ ಸೇರಿಸಿತು. ಇವುಗಳನ್ನು ತೆಗೆಯಲು ಮತ್ತು ಸಾಗಿಸಲು ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994ರ ಅಡಿಯಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. ಅದನ್ನು ಪಡೆಯಬೇಕಾದವರು ಸಾಮಾನ್ಯವಾಗಿ ತೆಗೆಯುವವರು ಮತ್ತು ಸಾಗಿಸುವವರು. ಆದರೆ ಗುತ್ತಿಗೆದಾರರಾದ ನೀವು ಲೋಡ್ ಇಳಿಸಿಕೊಳ್ಳುವಾಗ ಸಾಗಣೆ ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಕದ್ದು ತೆಗೆದ ಮರಳಿನಿಂದ ತುಂಗೆಯ ಒಡಲು ಬರಿದಾಗುತ್ತದೆ. ಆ ಮರಳಿನ ಮೇಲೆ ಹೂಗಿಡ ನೆಟ್ಟು 'ಪರಿಸರಕ್ಕೆ ನಮ್ಮ ಕೊಡುಗೆ' ಎಂದರೆ ಆ ಮಾತಿಗೆ ಅರ್ಥವಿಲ್ಲ.

ತೋಟಕ್ಕೆ ನೀರಿಲ್ಲವೆಂದು ಕೊಳವೆಬಾವಿ ಕೊರೆಸುವುದಾದರೆ ಅಂತರ್ಜಲ ಕಾಯ್ದೆ, 2011 ಎದುರಾಗುತ್ತದೆ. ಕೊರೆಯುವ ಯಂತ್ರ ನೋಂದಣಿಯಾಗಿದೆಯೆ ಎಂದು ನೋಡಿಕೊಳ್ಳಬೇಕು. ನೀರಿನ ಪೈಪಿಗಾಗಿ ರಸ್ತೆ ಅಗೆಯಬೇಕಾದರೆ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು.

ತೋಟದಲ್ಲಿ ದೀಪ, ಕಾರಂಜಿಗೆ ಮೋಟಾರು ಇಡುವುದಾದರೆ ಆ ವೈರಿಂಗ್ ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದಿಂದ ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರಿಗೇ ವಹಿಸಬೇಕು. ಒದ್ದೆ ನೆಲ, ಬರಿಗಾಲು, ಸಡಿಲವಾದ ವೈರು ಮೂರೂ ಸೇರುವ ಜಾಗ ಅದು. ಹಾಗೆಯೇ ವಿದ್ಯುತ್ ತಂತಿಗೆ ತಾಗಿರುವ ಕೊಂಬೆಯನ್ನು ಸವರುವ ಮುನ್ನ ಮೆಸ್ಕಾಂ ಕಚೇರಿಗೆ ತಿಳಿಸಿ, ಸರಬರಾಜು ನಿಲ್ಲಿಸಿದ್ದನ್ನು ಖಚಿತಪಡಿಸಿಕೊಳ್ಳದೆ ಆಳನ್ನು ಮರ ಹತ್ತಿಸಬಾರದು.

ಕೆಲಸ ಮುಗಿದಾಗ ರಾಶಿಯಾಗುವ ಸೊಪ್ಪು, ಕಡ್ಡಿಗಳನ್ನು ರಸ್ತೆ ಬದಿಯಲ್ಲಿ ಸುಡುವುದಕ್ಕೂ ಅವಕಾಶವಿಲ್ಲ. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ತೋಟದ ಕಸವನ್ನು ಬೇರೆಯಾಗಿಯೇ ಇಟ್ಟು, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು. ಅಲ್ಲೇ ಒಂದು ಗುಂಡಿ ತೋಡಿ ಗೊಬ್ಬರ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು.

ಊರಿನ ಉದ್ಯಾನ

ಮನೆಗಳ ಕೆಲಸದಲ್ಲಿ ಒಳ್ಳೆಯ ಹೆಸರು ಬಂತು. ಈಗ ಭದ್ರಾವತಿಯಲ್ಲಿ ಸಾರ್ವಜನಿಕ ಉದ್ಯಾನವೊಂದರ ಕೆಲಸಕ್ಕೆ ಟೆಂಡರ್ ಕರೆದಿದ್ದಾರೆ ಎಂದಿಟ್ಟುಕೊಳ್ಳಿ. ಇಲ್ಲಿ ಮಾಲೀಕ ಒಬ್ಬನಲ್ಲ, ಊರೆಲ್ಲ. ಆದ್ದರಿಂದ ಕಾಗದಗಳೂ ಹೆಚ್ಚು.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರಿಂದ ಸೇರ್ಪಡೆಯಾದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಉದ್ಯಾನ, ತೋಟ, ಆಟದ ಮೈದಾನಗಳೂ ಅವುಗಳಲ್ಲಿ ಸೇರಿವೆ. ಹೀಗಾಗಿ ನೀವು ವ್ಯವಹರಿಸಬೇಕಾದದ್ದು ಶಿವಮೊಗ್ಗದಲ್ಲಾದರೆ ಮಹಾನಗರ ಪಾಲಿಕೆಯೊಡನೆ, ಭದ್ರಾವತಿಯಲ್ಲಾದರೆ ನಗರಸಭೆಯೊಡನೆ. ಎರಡೂ ಊರುಗಳು ಪಕ್ಕಪಕ್ಕದಲ್ಲಿದ್ದರೂ ಅವುಗಳನ್ನು ನಡೆಸುವ ಕಾಯ್ದೆಗಳು ಬೇರೆ ಬೇರೆ. ಶಿವಮೊಗ್ಗ 2013ರಲ್ಲಿ ಮಹಾನಗರ ಪಾಲಿಕೆಯಾದುದರಿಂದ ಅದಕ್ಕೆ 1976ರ ಪೌರ ನಿಗಮಗಳ ಕಾಯ್ದೆ ಅನ್ವಯಿಸುತ್ತದೆ. ಭದ್ರಾವತಿಗೆ 1964ರ ಪೌರಸಭೆಗಳ ಕಾಯ್ದೆ.

ಸರ್ಕಾರದ ಹಣದಿಂದ ಮಾಡಿಸುವ ಕೆಲಸಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಅನ್ವಯಿಸುತ್ತದೆ. ಸಣ್ಣ ಮೊತ್ತದ ಕೆಲವು ಕೆಲಸಗಳನ್ನು ಬಿಟ್ಟರೆ ಉಳಿದವುಗಳಿಗೆ ಟೆಂಡರ್ ಕರೆಯಲೇಬೇಕು. ಟೆಂಡರ್ ಈಗ ಅಂತರಜಾಲದ ಮೂಲಕ ನಡೆಯುವುದರಿಂದ ಡಿಜಿಟಲ್ ಸಹಿ ಮಾಡಿಸಿಕೊಂಡಿರಬೇಕು, ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟಬೇಕು. ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನು ದರ್ಜೆಗಳಾಗಿ ವಿಂಗಡಿಸಿ ನೋಂದಾಯಿಸುತ್ತದೆ. ಯಾವ ಕೆಲಸಕ್ಕೆ ಯಾವ ದರ್ಜೆಯವರು ಅರ್ಹರು ಎಂಬುದು ಆಯಾ ಟೆಂಡರ್ ಪ್ರಕಟಣೆಯಲ್ಲೇ ಇರುತ್ತದೆ. ಆ ಹುಡುಗನ ಅಣ್ಣನಿಗೆ ಕೇಳಿದ 'ಲೈಸೆನ್ಸ್' ಬಹುಶಃ ಈ ನೋಂದಣಿಯೇ ಇರಬೇಕು.

ಉದ್ಯಾನದ ಜಾಗಕ್ಕೂ ಕಾನೂನಿನ ರಕ್ಷಣೆ ಇದೆ. ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ, 1985ರ ಉದ್ದೇಶ ಅವುಗಳನ್ನು ಬೇರೆ ಉಪಯೋಗಕ್ಕೆ ತಿರುಗಿಸದಂತೆ ಕಾಪಾಡುವುದು. ನಕ್ಷೆಯಲ್ಲಿ ಹುಲ್ಲುಹಾಸು ಇದ್ದ ಜಾಗದಲ್ಲಿ ಯಾರೋ ಪ್ರಭಾವಿಗಳು "ಇಲ್ಲೊಂದು ಮಳಿಗೆ ಕಟ್ಟಿಬಿಡಿ" ಎಂದರೆ, ಇಲ್ಲ ಎನ್ನಲು ಗುತ್ತಿಗೆದಾರನ ಕೈಯಲ್ಲಿ ಈ ಕಾಯ್ದೆ ಇದೆ. ನಿಮ್ಮ ಬಡಾವಣೆಯ ಉದ್ಯಾನಕ್ಕೆ ಎಷ್ಟು ಹಣ ಮಂಜೂರಾಯಿತು, ಎಷ್ಟು ಗಿಡ ನೆಡಬೇಕಿತ್ತು ಎಂದು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ನೀವೂ ಕೇಳಬಹುದು.

ಕೆಲಸಗಾರರು

ಗುತ್ತಿಗೆದಾರ ಎಂದ ಕೂಡಲೇ ನಾವು ಗಿಡದ ಲೆಕ್ಕ ಕೇಳುತ್ತೇವೆ, ಆಳಿನ ಲೆಕ್ಕ ಕೇಳುವುದಿಲ್ಲ. ಕಾನೂನು ಕೇಳುತ್ತದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ 20 ಅಥವಾ ಹೆಚ್ಚು ಕೆಲಸಗಾರರಿದ್ದರೆ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕಾಗಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಈ ಸಂಖ್ಯೆ 50ಕ್ಕೆ ಏರಿದೆ. ಹಾಗೆಂದು ಐದು ಜನರಿರುವ ಗುತ್ತಿಗೆದಾರನಿಗೆ ಹೊಣೆಯಿಲ್ಲ ಎಂದು ತಿಳಿಯಬಾರದು. ಕನಿಷ್ಠ ಕೂಲಿ ಒಬ್ಬನೇ ಆಳಿದ್ದರೂ ಕೊಡಲೇಬೇಕು. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ.

ಉದ್ಯಾನ, ಕಾಲುದಾರಿಗಳ ನಿರ್ಮಾಣದಲ್ಲಿ ದುಡಿಯುವವರು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಲು ಅವಕಾಶವಿದೆ. ಹಿಂದಿನ ಒಂದು ವರ್ಷದಲ್ಲಿ 90 ದಿನ ಇಂಥ ಕೆಲಸ ಮಾಡಿರಬೇಕು. ಅದಕ್ಕೆ ಬೇಕಾದ ಉದ್ಯೋಗ ದೃಢೀಕರಣಕ್ಕೆ ಸಹಿ ಹಾಕಿಕೊಡುವುದರಿಂದ ಗುತ್ತಿಗೆದಾರನಿಗೆ ಒಂದು ಪೈಸೆಯ ನಷ್ಟವೂ ಇಲ್ಲ. ಆ ಕುಟುಂಬದ ಮಕ್ಕಳ ಓದಿಗೆ, ಆಸ್ಪತ್ರೆ ಖರ್ಚಿಗೆ ಅದೇ ಸಹಿ ಆಧಾರವಾಗಬಹುದು.

ನಿಮ್ಮ ಕಡತದಲ್ಲಿ ಏನಿರಬೇಕು?

ಇನ್ನು ಉದ್ಯೋಗ ನಡೆಸಲು ಬೇಕಾದ ಸಾಮಾನ್ಯ ಕಾಗದಗಳು. ಊರೊಳಗೆ ನರ್ಸರಿ, ಗೋದಾಮು ಅಥವಾ ಅಂಗಡಿ ಇಡುವುದಾದರೆ ಪಾಲಿಕೆ ಅಥವಾ ನಗರಸಭೆಯಲ್ಲಿ ಉದ್ದಿಮೆ ಪರವಾನಗಿಯ ಬಗ್ಗೆ ವಿಚಾರಿಸಬೇಕು. ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಅಡಿ ನೋಂದಣಿ ಮಾಡಿಸಬೇಕು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸಣ್ಣ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ 'ಉದ್ಯಮ್' ನೋಂದಣಿ ಕಡ್ಡಾಯವಲ್ಲ. ಅದಕ್ಕೆ ಶುಲ್ಕವೂ ಇಲ್ಲ. ಮಾಡಿಸಿಕೊಂಡರೆ ಬ್ಯಾಂಕ್ ಸಾಲಕ್ಕೆ ಅನುಕೂಲ. ರಸಗೊಬ್ಬರವನ್ನು ಗಿಡಕ್ಕೆ ಹಾಕಲು ಪರವಾನಗಿ ಬೇಡ. ಚೀಲ ಇಟ್ಟುಕೊಂಡು ಮಾರುವುದಾದರೆ ರಸಗೊಬ್ಬರ ನಿಯಂತ್ರಣ ಆದೇಶ, 1985ರ ಪ್ರಕಾರ ಕೃಷಿ ಇಲಾಖೆಯ ಅಧಿಕಾರಪತ್ರ ಬೇಕು.

ಇಷ್ಟೆಲ್ಲ ಇದ್ದರೂ ಕಾಯ್ದೆ ಎಲ್ಲವನ್ನೂ ಕಾಯುವುದಿಲ್ಲ. ಮಲೆನಾಡಿನ ಕಾಡಂಚುಗಳನ್ನು ಇಂದು ಮುಚ್ಚಿರುವ ಲಂಟಾನ ಇನ್ನೂರು ವರ್ಷಗಳ ಹಿಂದೆ ನಮ್ಮ ದೇಶಕ್ಕೆ ಬಂದದ್ದು ಅಂದದ ಹೂಗಿಡವಾಗಿ. ಯಾರೋ ತೋಟದ ಚೆಲುವಿಗೆಂದು ನೆಟ್ಟದ್ದು ಬೇಲಿ ದಾಟಿ ಕಾಡು ಸೇರಿತು. ಯಾವ ಗಿಡ ಬೇಲಿಯೊಳಗೆ ಇರುತ್ತದೆ, ಯಾವುದು ದಾಟುತ್ತದೆ ಎಂಬುದನ್ನು ತಿಳಿದು ನೆಡುವುದು ಗುತ್ತಿಗೆದಾರನ ಓದಿಗೆ ಬಿಟ್ಟ ವಿಷಯ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಸಂಸ್ಥೆ ಹತ್ತಿರದಲ್ಲೇ ಇರುವಾಗ ಸಂದೇಹ ಬಂದರೆ ಕೇಳಲು ನಾಚಿಕೆಪಡಬೇಕಾಗಿಲ್ಲ.

ಕೊನೆಯದಾಗಿ, ಆ ದಿನ ಬಸ್ಸಿಗೆ ಹೊತ್ತಾಯಿತೆಂದು ಓಡಿದ ಗಾಂಧಿ ಬಜಾರಿನ ತಮ್ಮನಿಗೆ ಎರಡು ಮಾತು. ನಿಮ್ಮಣ್ಣನಿಗೆ ಹೇಳಪ್ಪಾ, "ಗಾರ್ಡನ್ ಲೈಸೆನ್ಸ್" ಕೊಡಿಸುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡ ಅಂತ. ಅಂಥದ್ದೊಂದು ಇಲ್ಲವೇ ಇಲ್ಲ. ಮುಂದಿನ ಸಲ ಯಾರಾದರೂ "ಲೈಸೆನ್ಸ್ ಇದೆಯಾ?" ಎಂದರೆ ತಲೆ ತಗ್ಗಿಸದೆ, "ಯಾವ ಕೆಲಸಕ್ಕೆ ಸ್ವಾಮಿ?" ಎಂದು ತಿರುಗಿ ಕೇಳಲಿ. ಮರಕ್ಕಾದರೆ ವೃಕ್ಷಾಧಿಕಾರಿಯ ಅನುಮತಿ, ಔಷಧಕ್ಕಾದರೆ ಕೀಟ ನಿಯಂತ್ರಣದ ಪರವಾನಗಿ, ಸರ್ಕಾರಿ ಕೆಲಸಕ್ಕಾದರೆ ಗುತ್ತಿಗೆದಾರರ ನೋಂದಣಿ. ಒಂದೊಂದನ್ನೂ ಒಂದು ಕಡತದಲ್ಲಿ ಜೋಡಿಸಿಕೊಳ್ಳಲಿ. ನೀನು ಬಿ.ಎಸ್ಸಿ. ಓದುತ್ತಿರುವೆಯಾದರೆ ಮುಗಿಸಿದ ಮೇಲೆ ಆ 15 ದಿನಗಳ ತರಬೇತಿಗೆ ಹೋಗಿ ಬಾ. ಅಲ್ಲಿಯವರೆಗೆ ನಿಮ್ಮಣ್ಣನ ಆಳುಗಳ ಕೈಗೆ ಬಾಟಲಿ ಕೊಡುವ ಮುನ್ನ ಅದರ ಮೇಲಿನ ತ್ರಿಕೋನದ ಬಣ್ಣವನ್ನು ನೀನೇ ನೋಡು.